ಖಾಜಾನ ಮೋಟಾರಿಗೆ ನಾನು ಹಾಕಿದ ಬ್ರೇಕು

ಮೋಟಾರಿನಲ್ಲಿ ಕುಳಿತರೆ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಗಾಡಿ ನಡೆಸುವವರು ಬೇರೆ ಯಾರೋ. ನಾನು ಮಗ್ಗುಲಲ್ಲಿ ಕೈಚೀಲ ಹಿಡಿದು ಕೂತ ಮುದುಕ. ಆದರೂ ಎದುರಿಗೊಂದು ಎಮ್ಮೆ ಅಡ್ಡ ಬಂದರೆ ಸಾಕು, ಕಾಲು ತನ್ನಷ್ಟಕ್ಕೆ ತಾನೇ ಮುಂದೆ ಚಾಚಿ ಕೆಳಗಿನ ತಗಡನ್ನು ಒತ್ತಿ ಹಿಡಿಯುತ್ತದೆ. ಎಮ್ಮೆ ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಬಿಡುವುದಿಲ್ಲ. ಮೊನ್ನೆ ಅಳಿಯನ ಜೀಪಿನಲ್ಲಿ ಕಲಬುರಗಿಗೆ ಹೋಗಿ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡುಬಿಟ್ಟಿತು. ಎಣ್ಣೆ ತಿಕ್ಕುತ್ತ ಹೆಂಡತಿ ಕೇಳಿದಳು: "ಗಾಡಿ ಹೊಡದಾಂವ ಅಳಿಯ, ಕಾಲು ನೋಯೂದು ನಿಮಗ. ಇದ್ಯಾತರ ನ್ಯಾಯರೀ?"

ನಾನು ಉತ್ತರ ಕೊಡಲಿಲ್ಲ. ಉತ್ತರ ಉದ್ದವಿತ್ತು, ಎಣ್ಣೆ ಸ್ವಲ್ಪವೇ ಇತ್ತು. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನೀವೇನೂ ನನ್ನ ಜೊತೆ ಸಂಸಾರ ಮಾಡಬೇಕಾದವರಲ್ಲ.

ನಿಜಾಮರ ಕಾಲ. ನಾನು ವಾಡಿ ಜಂಕ್ಷನ್ನಿನಲ್ಲಿ ರೈಲು ಡಬ್ಬಿಗಳ ಬ್ರೇಕು ನೋಡುವ ಫಿಟ್ಟರ್ ಆಗಿದ್ದೆ. ಒಂದು ಕಡೆಯಿಂದ ಮುಂಬಯಿ ಗಾಡಿ, ಇನ್ನೊಂದು ಕಡೆಯಿಂದ ಹೈದರಾಬಾದ್ ಗಾಡಿ ಬಂದು ಕೂಡುವ ಜಾಗ ಅದು. ನಮ್ಮ ಕ್ವಾರ್ಟರ್ಸಿನಲ್ಲಿ ಒಣಹಾಕಿದ ಬಿಳಿ ಧೋತರ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕೆಲಸವೆಂದರೆ ಡಬ್ಬಿಯ ಕೆಳಗೆ ಅಂಗಾತ ಮಲಗಿ, ಗಾಲಿಗೆ ಒತ್ತುವ ಬೀಡುಕಬ್ಬಿಣದ ತುಂಡುಗಳು ಎಷ್ಟು ಸವೆದಿವೆ ಎಂದು ನೋಡುವುದು, ಸವೆದದ್ದನ್ನು ಬದಲಿಸುವುದು, ಬಿಗಿಯುವುದು. ಆದರೆ ನನ್ನೂರು ಆಡಕಿಯಲ್ಲಿ ನನ್ನ ತಾಯಿ ಇದನ್ನು ಬೇರೆ ತರಹ ಸಾರಿದ್ದಳು: "ನಮ್ಮ ಶರಣು ಕೈ ಹಚ್ಚಲಿಲ್ಲಂದ್ರ ರೈಲೇ ನಿಂದ್ರಂಗಿಲ್ಲ." ಊರಿಗೆ ಹೋದಾಗ ಜನ ನನ್ನ ಕೈಗಳನ್ನು ನೋಡುತ್ತಿದ್ದರು. ನಾನೂ ಅವನ್ನು ಸ್ವಲ್ಪ ಮುಂದೆ ಮಾಡಿಕೊಂಡೇ ಕೂರುತ್ತಿದ್ದೆ.

ಒಂದು ಮಾತು ಮಾತ್ರ ಊರಲ್ಲಿ ಹೇಳಿರಲಿಲ್ಲ. ನಾನು ಬಿಗಿದದ್ದನ್ನು ನನ್ನ ಹಿಂದೆಯೇ ಇನ್ನೊಬ್ಬ ಬಂದು ಸುತ್ತಿಗೆಯಿಂದ ಬಡಿದು, ಕೈಯಿಂದ ಎಳೆದು ನೋಡುತ್ತಿದ್ದ. ಅವನು ಸೈ ಎಂದ ಮೇಲೆಯೇ ಡಬ್ಬಿ ಹೊರಡಬೇಕು. ಆ ಮನುಷ್ಯ ನನಗೆ ಕಣ್ಣಿಗೆ ಬಿದ್ದ ಕಸವಾಗಿದ್ದ. ನನ್ನ ಕೆಲಸದ ಮೇಲೆ ಇವನದೇನು ಸುತ್ತಿಗೆ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಇನ್ನು ಖಾಜಾ. ಓದಲಿಕ್ಕೆಂದು ನನ್ನನ್ನು ಸೇಡಂನಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಖಾಜಾನ ಮನೆ ಅದರ ಮಗ್ಗುಲಿಗೇ. ಇಬ್ಬರೂ ಒಂದೇ ಉರ್ದು ಶಾಲೆಯಲ್ಲಿ, ಒಂದೇ ಚಾಪೆಯ ಮೇಲೆ ಕೂತು, ಒಂದೇ ಛಡಿಯಿಂದ ಏಟು ತಿಂದವರು. ಶಾಲೆಯಿಂದ ಬರುವಾಗ ಪಂದ್ಯ ಕಟ್ಟಿ ಓಡುತ್ತಿದ್ದೆವು. ಓಡುವುದು ಅವನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು, ನಿಲ್ಲುವುದು ಮಾತ್ರ ಬರುತ್ತಿರಲಿಲ್ಲ. ಓಡಿ ಓಡಿ, ನಿಲ್ಲಬೇಕೆನಿಸಿದಾಗ ಹಿಂದೆ ಕೈ ಚಾಚಿ ನನ್ನ ಅಂಗಿ ಹಿಡಿಯುತ್ತಿದ್ದ. ನನ್ನ ಅಂಗಿಗಳಿಗೆಲ್ಲ ಬಗಲಲ್ಲಿ ಹೊಲಿಗೆ. ಅತ್ತೆ ಅವನ ತಾಯಿಯ ಹತ್ತಿರ ದೂರು ಒಯ್ದರೆ ಆಕೆ ಸೂಜಿದಾರ ತೆಗೆದುಕೊಂಡು ತಾನೇ ಹೊಲಿದುಕೊಡುತ್ತಿದ್ದಳು.

ಇಮಾಮಬೀ ಎಂದು ಆಕೆಯ ಹೆಸರು. ನಾನು ಅಮ್ಮಾ ಎಂದೇ ಕರೆಯುತ್ತಿದ್ದೆ. ನಮ್ಮ ಅತ್ತೆಯದು ಕಟ್ಟುನಿಟ್ಟಿನ ಲಿಂಗಪೂಜೆಯ ಮನೆ. ಅಲ್ಲಿ ಇಲ್ಲಿ ತಿಂದು ಬರುವಂತಿರಲಿಲ್ಲ. ಅದು ಅಮ್ಮನಿಗೆ ಗೊತ್ತಿತ್ತು. ಹಾಗಾಗಿ ಖಾಜಾನನ್ನು ಒಳಗೆ ಊಟಕ್ಕೆ ಕರೆಯುವ ಮೊದಲು ನನಗೆ ಕಟ್ಟೆಯ ಮೇಲೆ ಶೇಂಗಾ ಬೆಲ್ಲ ಕೊಟ್ಟು, "ಇದು ಗಿಡದಾಗಿಂದು ಮಗನೇ, ಇದಕ್ಕ ಜಾತಿಲ್ಲ, ತಿನ್ನು" ಎನ್ನುತ್ತಿದ್ದಳು. ಶೇಂಗಾ ನೆಲದೊಳಗೆ ಆಗುತ್ತದೆ, ಬೆಲ್ಲ ಗಾಣದಲ್ಲಿ ಆಗುತ್ತದೆ ಎಂದು ಆಗಲೇ ಗೊತ್ತಿದ್ದರೂ ನಾನು ತಕರಾರು ಮಾಡಲಿಲ್ಲ.

ದೊಡ್ಡವನಾದ ಮೇಲೆ ಖಾಜಾ ಒಂದು ಹಳೆಯ ಮೋಟಾರು ತಂದ. ಯಾರೋ ಜಾಗೀರದಾರರು ಓಡಿಸಿ ಬೇಸತ್ತು ಬಿಟ್ಟದ್ದು. ಮೇಲಿನ ಹೊದಿಕೆ ಕಿತ್ತು, ಬಡಿಗನಿಂದ ಹಲಗೆ ಹೊಡೆಸಿ, ಆರು ಜನರ ಗಾಡಿಯಲ್ಲಿ ಹನ್ನೆರಡು ಜನ ಕೂರುವ ಹಾಗೆ ಮಾಡಿದ. ಸೇಡಂವರೆಗೆ ರೈಲಿತ್ತು. ಅಲ್ಲಿಂದ ಚಿಂಚೋಳಿಗೆ ಎತ್ತಿನ ಗಾಡಿ, ಇಲ್ಲವೇ ಕಾಲು. ರೈಲಿಳಿದವರನ್ನು ಹತ್ತಿಸಿಕೊಂಡು ಖಾಜಾ ಚಿಂಚೋಳಿಗೆ ಹೋಗುತ್ತಿದ್ದ. ಆ ದಾರಿ ಹೆಚ್ಚುಕಡಿಮೆ ಸಪಾಟು. ಆದರೆ ಚಿಂಚೋಳಿ ಹತ್ತಿರವಾದಂತೆ ಮುಲ್ಲಾಮಾರಿ ಹೊಳೆಗೆ ಇಳಿಯುವ ಒಂದು ಇಳಕಲಿತ್ತು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಮೊದಲ ಸಲ ಅವನ ಜೊತೆ ಅಲ್ಲಿ ಇಳಿದಾಗ ನಾನು ಕಲಿತ ವಚನಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೆ.

ಜೋಳ ಹಾಲುಗಾಳಾಗುವ ದಿನಗಳು. ಒಂದು ಭಾನುವಾರ ಖಾಜಾ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ನಮ್ಮ ಕ್ವಾರ್ಟರ್ಸಿಗೆ ಬಂದ. ಕೈಯಲ್ಲಿ ಹಸಿ ಜೋಳ ಸುಟ್ಟ ಸೀತನಿಯ ಗಂಟು, ಮುಖದಲ್ಲಿ ಚಿಂತೆ.

"ಮೋಟರ್ ನಿಂದ್ರವಲ್ದೋ ಶರಣು" ಎಂದ.

"ನಿಂದ್ರವಲ್ದು ಅಂದ್ರ?"

"ಒತ್ತಿದ್ರ ವಿಚಾರ ಮಾಡ್ಕೋತ ಹೋಗಿ ಆಮ್ಯಾಲ ನಿಂದ್ರತದ. ಮೊನ್ನಿ ಸ್ಟೇಷನ್ ಮುಂದ ಒಬ್ಬಾಕಿ ಬದನಿಕಾಯಿ ಬುಟ್ಟಿ ಮ್ಯಾಲ ಹೋಗಿ ನಿಂತದ."

"ಅಕೀಗೇನಾತು?"

"ಅಕೀಗೇನಾಗಿಲ್ಲ. ಬದನಿಕಾಯಿ ಹೋದವು. ಹೈದರಾಬಾದಿನಿಂದ ಬ್ರೇಕಿನ ಹೊಸಾ ಅಸ್ತರು, ರಿವೆಟ್ಟು ಪಾರ್ಸಲ್ ತರಿಸೀನಿ. ಹಾಕೂದಷ್ಟೇ. ನೀ ಬಂದು ಹಾಕು."

ಶಹಾಬಾದಿನಲ್ಲಿ ಕಲ್ಲಿನ ಖಣಿಗಳ ಲಾರಿ ನೋಡಿಕೊಳ್ಳುವ ಒಬ್ಬ ಉಸ್ತಾದ್ ಇದ್ದ. ಸುತ್ತಲಿನ ಸೀಮೆಯಲ್ಲಿ ಮೋಟಾರು ಬಲ್ಲವನೆಂದರೆ ಅವನೊಬ್ಬನೇ. ಅವನ ಹತ್ತಿರ ಒಯ್ಯಬಾರದೇ ಎಂದು ಕೇಳಿದೆ.

"ಒಯ್ದ್ರ ಎಂಟು ದಿನ ಇಟ್ಕೋತಾನ. ಬುಧವಾರ ಅಮ್ಮಾ ಚಿಂಚೋಳಿಗೆ ಹೊಂಟಾಳ. ಅಲ್ಲಿ ನನ್ನ ತಂಗಿ ಹಡದಾಳ, ಗಂಡು ಕೂಸು. ಅಮ್ಮಾ ದಿನಾ ಕುಲಾವಿ ಹೊಲೀಲಿಕತ್ತಾಳ." ಆಮೇಲೆ ನನ್ನ ಮುಖ ನೋಡಿ ನಕ್ಕ. "ನೀ ಇಷ್ಟುದ್ದದ ರೈಲು ನಿಂದ್ರಸ್ತೀ. ನಂದೊಂದು ಗೇಣುದ್ದದ ಮೋಟರ್ ನಿಂದ್ರಸಲಿಕ್ಕ ಬರಂಗಿಲ್ಲೇನು?"

ಆ ಮಾತಿಗೆ ಏನು ಹೇಳಬೇಕಿತ್ತೆಂದು ಈಗ ಗೊತ್ತು. ರೈಲಿನದು ಬೇರೆ, ಮೋಟಾರಿನದು ಬೇರೆ; ನಾನು ಮೋಟಾರಿನ ಗಾಲಿ ಬಿಚ್ಚಿ ನೋಡಿದವನೇ ಅಲ್ಲ ಎನ್ನಬೇಕಿತ್ತು. ಆದರೆ ಅವನು ಹಾಗೆ ನಗುತ್ತಿದ್ದಾಗ ನನಗೆ ನನ್ನ ತಾಯಿಯ ಮಾತು ನಿಜವೇ ಇರಬಹುದೆನಿಸಿತು. "ಬರತೀನಿ ನಡಿ" ಎಂದೆ. ಮೂರು ದಿನ ರಜೆ ಕೇಳಿ, ನನ್ನ ಸ್ವಂತದ ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಉಳಿ ಗಂಟುಕಟ್ಟಿಕೊಂಡು ಸೋಮವಾರ ಸೇಡಂಗೆ ಹೊರಟೆ. ಚಿತ್ತಾಪುರ ದಾಟುವವರೆಗೂ ಮನಸ್ಸು ಬೇಡ ಬೇಡ ಎನ್ನುತ್ತಿತ್ತು. ಆಮೇಲೆ ಬುತ್ತಿ ಬಿಚ್ಚಿದೆ. ಹೊಟ್ಟೆ ತುಂಬಿದ ಮೇಲೆ ಅದು ಸುಮ್ಮನಾಯಿತು.

ಖಾಜಾನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಮೋಟಾರು ನಿಲ್ಲಿಸಿ, ಹಿಂದಿನ ಅಚ್ಚಿನ ಕೆಳಗೆ ಶಹಾಬಾದಿ ಪರಸಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿದೆವು. ಆ ಗಾಡಿಗೆ ಹಿಂದಿನ ಎರಡು ಗಾಲಿಗಳಿಗಷ್ಟೇ ಬ್ರೇಕು. ನೋಡಿದರೆ ಸರಳವಾಗಿಯೇ ಇತ್ತು. ಗಾಲಿಯ ಒಳಬದಿಗೆ ಡೋಲಿನಂಥದೊಂದು ಉಕ್ಕಿನ ಬುರುಡೆ. ಅದರ ಸುತ್ತ ಸೊಂಟಪಟ್ಟಿಯ ಹಾಗೆ ಒಂದು ತಗಡಿನ ಪಟ್ಟಿ. ಪಟ್ಟಿಯ ಒಳಮೈಗೆ ನಾರಿನ ದಪ್ಪ ಅಸ್ತರು. ಕಾಲಿನಿಂದ ಒತ್ತಿದರೆ ಪಟ್ಟಿ ಬಿಗಿದು ಬುರುಡೆಯನ್ನು ಅಪ್ಪಿ ಹಿಡಿಯುತ್ತದೆ, ಗಾಡಿ ನಿಲ್ಲುತ್ತದೆ. ಅಸ್ತರು ಸವೆದು ಕಾಗದವಾಗಿತ್ತು. ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ರಿವೆಟ್ಟು ಬಡಿದು, ಪಟ್ಟಿಯನ್ನು ಬೇಕಾದಷ್ಟು ಬಿಗಿ ಮಾಡಿ ನಟ್ಟು ಹಾಕಿದರೆ ಮುಗಿಯಿತು.

ಮೊದಲು ಬಲಗಡೆಯದು. ಮಧ್ಯಾಹ್ನದ ಹೊತ್ತಿಗೆ ಮರದ ಕೆಳಗೆ ಹತ್ತು ಹನ್ನೆರಡು ಜನ ಸೇರಿದ್ದರು. ಪೋಸ್ಟ್ ಮಾಸ್ತರರು ಬಂದು, "ಇಷ್ಟು ದೊಡ್ಡ ರೈಲು ಅದ್ಹ್ಯಾಂಗ ನಿಂದ್ರತದ್ರೀ?" ಎಂದು ಕೇಳಿದರು. ಕೇಳಬಾರದಿತ್ತು. ನಾನು ಪಾನಾವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೂ ಅವರನ್ನು ನಡೆಸಿಕೊಂಡು ಹೋದೆ. ಜನ ಬಾಯಿ ಬಿಟ್ಟು ಕೇಳಿದರು. ಖಾಜಾ ಮೀಸೆ ತಿರುವುತ್ತ ನಿಂತಿದ್ದ. ಹೀಗೆ ಬಲಗಡೆಯ ಕೆಲಸ ಮುಗಿದು, ಎಡಗಡೆಗೆ ಹೋದೆ.

ಎಡಗಡೆಯ ಬುರುಡೆ ಬಿಚ್ಚಿದಾಗ ಕೈಗೆ ಎಣ್ಣೆ ಹತ್ತಿತು. ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು. ಅಚ್ಚಿನ ಒಳಗಿನ ಎಣ್ಣೆ ಎಲ್ಲಿಂದಲೋ ಜಿನುಗಿ ಬುರುಡೆಗೆ ಇಳಿಯುತ್ತಿತ್ತು. ತಡೆಯಲು ಒಳಗೆ ಏನೋ ಇರಬೇಕು, ಅದು ಸವೆದಿರಬೇಕು. ಅದೇನು, ಹೇಗೆ ತೆಗೆಯಬೇಕು, ಏನು ಹಾಕಬೇಕು, ನನಗೆ ಗೊತ್ತಾಗಲಿಲ್ಲ. ಎಣ್ಣೆ ಕುಡಿದ ಅಸ್ತರು ಯಾವ ಬುರುಡೆಯನ್ನೂ ಹಿಡಿಯುವುದಿಲ್ಲ ಎನ್ನುವುದಷ್ಟು ಗೊತ್ತಿತ್ತು.

ಆ ಹೊತ್ತಿಗೇ ಎದ್ದು ನಿಂತು ಹೇಳಬಹುದಿತ್ತು. ನಾನು ಹೇಳಲಿಲ್ಲ. ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬುರುಡೆಯನ್ನು ಕನ್ನಡಿಯಂತೆ ಒರೆಸಿ, ಹೊಸ ಅಸ್ತರು ಹಾಕಿ ಮುಚ್ಚಿದೆ. ಮಾಡುತ್ತ ಮಾಡುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಜಿನುಗುವುದು ಸ್ವಲ್ಪವೇ, ಒಂದು ಸಲ ಹೋಗಿ ಬರಲಿ, ಆಮೇಲೆ ನೋಡೋಣ, ನಾನು ಒಲ್ಲೆನೆಂದರೂ ಖಾಜಾ ಕೇಳುವವನಲ್ಲ. ನೋಡಿ, ಒಂದೂ ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೇ ತಿಳಿಯುತ್ತಿತ್ತು.

ಮಂಗಳವಾರ ಊರ ಹೊರಗೆ ಸಪಾಟು ದಾರಿಯಲ್ಲಿ ಓಡಿಸಿ ನೋಡಿದೆವು. ಖಾಜಾ ಜೋರಾಗಿ ಬಿಟ್ಟು, ಒತ್ತಿದ. ಮೋಟಾರು ಗಕ್ಕನೆ ನಿಂತಿತು. ಮತ್ತೆ ಬಿಟ್ಟ, ಮತ್ತೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಖಾಜಾ ಇಳಿದು ಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಆ ಚಪ್ಪಾಳೆಯ ರುಚಿ ಕೆಟ್ಟದ್ದು. ಒಮ್ಮೆ ಕೇಳಿದರೆ ಬಾಯಿ ಕಟ್ಟುತ್ತದೆ.

ಬುಧವಾರ ಬೆಳಿಗ್ಗೆ ರೈಲಿಳಿದ ಏಳೆಂಟು ಜನ ಮನೆಯ ಮುಂದೆಯೇ ಬಂದು ಮೋಟಾರು ಹತ್ತಿದರು. ಒಬ್ಬಾಕೆಯ ಕಂಕುಳಲ್ಲಿ ನಿದ್ದೆ ಹೋದ ಮಗು. ಆಮೇಲೆ ಅಮ್ಮ ಹೊರಗೆ ಬಂದಳು. ಬಿಳಿಯ ಹೊದಿಕೆ, ಒಂದು ಕೈಯಲ್ಲಿ ಕುಲಾವಿಗಳ ಗಂಟು, ಇನ್ನೊಂದರಲ್ಲಿ ತುಪ್ಪದ ಗಡಿಗೆ. ಮಗ್ಗುಲ ಮನೆಯ ಮುದುಕಿಯೊಬ್ಬಳು ಕೇಳಿದಳು: "ಇಮಾಮಬೀ, ಈ ಡಬ್ಬಾ ಬದನಿಕಾಯಿ ತುಳದದ ಅಂತಲ್ಲ, ಅಂಜಿಕಿ ಬರಂಗಿಲ್ಲ?"

"ಶರಣು ಮಾಡ್ಯಾನಲ್ಲ ಬೇ" ಎಂದಳು ಅಮ್ಮ. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ, ಚೆನ್ನಾಗಿ ಆಗಿದೆಯೇ ಎಂದು ಕೇಳಲೂ ಇಲ್ಲ. ಹಲಗೆಯ ಮೇಲೆ ಕೂತು ತುಪ್ಪದ ಗಡಿಗೆಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಹೊದಿಕೆ ಸರಿಮಾಡಿಕೊಂಡಳು.

ಆಕೆ ಕೇಳಿದ್ದರೆ, "ಆಗ್ಯದ ಅಮ್ಮಾ" ಎಂದು ಹೇಳಿಬಿಡುತ್ತಿದ್ದೆನೋ ಏನೋ. ಕೇಳದೆ ಕೂತುಬಿಟ್ಟದ್ದೇ ನನ್ನನ್ನು ಹಿಡಿಯಿತು. ಮುಲ್ಲಾಮಾರಿಯ ಇಳಕಲು ಕಣ್ಣಿಗೆ ಕಟ್ಟಿತು. ಖಾಜಾ ಹ್ಯಾಂಡಲ್ ತಿರುವಿ ಇಂಜಿನ್ ಎಬ್ಬಿಸಿದ. ನಾನು ಅಮ್ಮನ ಹತ್ತಿರ ಹೋದೆ.

"ಇಳೀರಿ ಅಮ್ಮಾ" ಎಂದೆ.

"ಯಾಕಪಾ?"

"ಇಳೀರಿ. ಎಲ್ಲಾರೂ ಇಳೀರಿ. ಎಡಗಡಿ ಗಾಲಿ ಬರೋಬ್ಬರಿ ಆಗಿಲ್ಲ. ಒಳಗ ಎಣ್ಣಿ ಜಿನಗತದ. ನನಗ ಅದನ್ನ ಬಂದ್ ಮಾಡಲಿಕ್ಕ ಬರಲಿಲ್ಲ."

ಖಾಜಾ ಇಂಜಿನ್ ನಿಲ್ಲಿಸಿ ಬಂದ. "ನಿನ್ನಿ ನಿಂತಿತಲ್ಲೋ! ನೀನೇ ನೋಡಿದಿಯಲ್ಲ!"

"ನಿನ್ನಿ ನಿಂತದ. ಇವತ್ತೂ ನಿಂತೀತು. ಹೊಳಿ ತನಕ ಹೋದ್ರ ಏನಾಗ್ತದ ನನಗ ಗೊತ್ತಿಲ್ಲ."

"ಯಾವಾಗ ಗೊತ್ತಾತು ಇದು?"

"ಸ್ವಾಮಾರ ಸಂಜಿಕೆ."

ಅವನು ನನ್ನನ್ನು ನೋಡಿದ. ಆ ನೋಟ ಎಂದೂ ಮರೆಯುವುದಿಲ್ಲ. ಬೈದರೆ ಸಹಿಸಬಹುದಿತ್ತು. "ಸ್ವಾಮಾರ ಸಂಜಿಕೆ ಗೊತ್ತಿತ್ತು" ಎಂದು ಮೆಲ್ಲಗೆ ನನ್ನ ಮಾತನ್ನೇ ತಿರುಗಿ ಹೇಳಿ, ಮುಖ ಆಚೆ ಮಾಡಿದ. ಜನ ಗೊಣಗುತ್ತ ಇಳಿದು ಎತ್ತಿನ ಗಾಡಿ ಹುಡುಕಲು ಹೋದರು. ಪೋಸ್ಟ್ ಮಾಸ್ತರರು ಈ ಸಲ ನನ್ನನ್ನು ಏನೂ ಕೇಳಲಿಲ್ಲ. ಅಮ್ಮ ಮಾತ್ರ ಇಳಿದು ಬಂದು, ಗಡಿಗೆಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ಮೊಣಕಾಲು ನೋಯತದ ನಂದು" ಎಂದು ಕಟ್ಟೆಯ ಮೇಲೆ ಕೂತಳು. ಕೂತವಳೇ ಮಗನಿಗೆ ಹೇಳಿದಳು: "ಮೋಟರ್ ತಗೊಂಡು ಉಸ್ತಾದನ ಬಲ್ಲಿ ಹೋಗ್ರಿ. ಇಬ್ಬರೂ ಹೋಗ್ರಿ."

ಇಬ್ಬರೂ ಹೋದೆವು. ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ನಿಂತ ಗಾಡಿಯನ್ನು ಹಿಡಿದಿಡಲು ಬೇರೊಂದು ಕೈಬ್ರೇಕಿತ್ತು. ನಾನು ಅದರ ಹಿಡಿಕೆ ಬಿಡದೆ ಹಿಡಿದು ಕೂತಿದ್ದೆ. ನಡೆಯುವ ಮನುಷ್ಯನ ಹೆಜ್ಜೆಯಲ್ಲಿ ಮಳಖೇಡ, ಕಾಗಿಣಾ ಹೊಳೆ, ಚಿತ್ತಾಪುರ. ನನ್ನ ಬಲಗಾಲಿಗೆ ತಗಡು ಒತ್ತುವ ಆ ಚಟ ಹತ್ತಿದ್ದು ಆ ದಾರಿಯಲ್ಲೇ. ಕಷ್ಟದ ಸಂಗತಿ ಏನೆಂದರೆ, ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಅವನು ಬೇಕೆಂದೇ ಅಲ್ಲಲ್ಲಿ ಒತ್ತುತ್ತಿದ್ದ. ಮೋಟಾರು ಪ್ರತಿ ಸಲವೂ ಗಕ್ಕನೆ ನಿಲ್ಲುತ್ತಿತ್ತು. ಅವನು ನನ್ನ ಕಡೆ ಒಮ್ಮೆ ನೋಡಿ ಮುಂದೆ ಬಿಡುತ್ತಿದ್ದ. ಒಮ್ಮೆಯಾದರೂ ಅದು ತಪ್ಪಬಾರದೇ ಎಂದು ನಾನು ಬಯಸಿದೆ. ನನ್ನ ಮಾತು ನಿಜವಾಗಲೆಂದು ನನ್ನದೇ ಕೆಲಸ ಕೆಡಲಿ ಎಂದು ಬೇಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಶಹಾಬಾದಿನ ಉಸ್ತಾದ್ ಬಿಳಿಗಡ್ಡದ, ಮಾತು ಕಡಿಮೆಯ ಮನುಷ್ಯ. ಕಲ್ಲಿನ ದೂಳಿಗೆ ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು. ಸಂಗತಿ ಕೇಳಿ ಎಡಗಡೆಯದನ್ನು ಬಿಚ್ಚಿದ. ಅಸ್ತರಿನ ಅಂಚಿಗೆ ಬೆರಳು ಒತ್ತಿ ಖಾಜಾನಿಗೆ ತೋರಿಸಿದ. ಬೆರಳು ಒದ್ದೆಯಾಗಿತ್ತು.

"ಎಷ್ಟು ದಿನ ನಡೀತಿತ್ತು ಉಸ್ತಾದ್?" ಎಂದು ಖಾಜಾ ಕೇಳಿದ.

"ಎರಡು ದಿನಾನೂ ನಡೀಬಹುದು, ಎರಡು ತಿಂಗಳೂ ನಡೀಬಹುದು. ಅದು ಎಣ್ಣಿನ ಕೇಳಬೇಕು."

ಖಾಜಾನ ಮುಖ ಸ್ವಲ್ಪ ಸಡಿಲಾಯಿತು. ನನ್ನ ಎದೆ ಸ್ವಲ್ಪ ಉಬ್ಬಿತು. ಉಸ್ತಾದ್ ಎದ್ದು ಬಲಗಡೆಗೆ ಹೋದ.

"ಅದು ಸರಿ ಅದರಿ. ಅದನ್ನ ಬಿಚ್ಚೂದು ಬ್ಯಾಡ" ಎಂದೆ ನಾನು.

ಅವನು ಬಿಚ್ಚಲಿಲ್ಲ. ಕೂತು, ಪಟ್ಟಿ ಬಿಗಿಯುವ ಬೋಲ್ಟಿಗೆ ಕೈ ಹಾಕಿದ. ಅಲ್ಲಿ ಒಂದರ ಮೇಲೊಂದು ಎರಡು ನಟ್ಟು. ಮೊದಲನೆಯದು ಪಟ್ಟಿಯನ್ನು ಬಿಗಿಯುವುದಕ್ಕೆ, ಎರಡನೆಯದು ಮೊದಲನೆಯದು ಕದಲದಂತೆ ಕಾಯುವುದಕ್ಕೆ. ಉಸ್ತಾದ್ ಪಾನಾ ಎತ್ತಿಕೊಳ್ಳಲಿಲ್ಲ. ಎರಡೇ ಬೆರಳಿನಿಂದ ಎರಡನೆಯ ನಟ್ಟನ್ನು ತಿರುವಿದ. ಅದು ಗಿರ್ರನೆ ತಿರುಗಿ ಅವನ ಅಂಗೈಗೆ ಬಂತು. ಆಮೇಲೆ ಮೊದಲನೆಯದನ್ನೂ ಮುಟ್ಟಿದ. ಅದೂ ಅಲುಗುತ್ತಿತ್ತು.

ಬೇವಿನ ಮರದ ಕೆಳಗೆ ಪಾನಾವನ್ನು ಗಾಳಿಯಲ್ಲಿ ಎತ್ತಿ ಹಿಡಿದು ನಾನು ರೈಲು ನಿಲ್ಲಿಸುತ್ತಿದ್ದೆನಲ್ಲ, ಆಗ ಈ ನಟ್ಟು ನನ್ನ ಬಿಗಿತಕ್ಕಾಗಿ ಕಾಯುತ್ತ ಕೂತಿತ್ತು. ಭಾಷಣ ಮುಗಿಸಿ ನಾನು ಎಡಗಡೆಗೆ ಎದ್ದು ಹೋಗಿದ್ದೆ. ಎಡಗಡೆಯ ಬಗ್ಗೆ ನನಗೆ ಅಂಜಿಕೆಯಿತ್ತು, ಅದಕ್ಕೇ ಬಾಯಿ ಬಿಟ್ಟಿದ್ದೆ. ಬಲಗಡೆಯ ಬಗ್ಗೆ ಒಂದು ಚೂರೂ ಅಂಜಿಕೆಯಿರಲಿಲ್ಲ. ವಾಡಿಯ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದು ನನ್ನ ಹಿಂದೆ ಬರುತ್ತಿದ್ದ ಆ ಮನುಷ್ಯ ಇಷ್ಟು ವರ್ಷ ಹೀಗೆ ನನ್ನ ಎಷ್ಟು ನಟ್ಟು ಬಿಗಿದಿರಬಹುದು, ಹೇಳದೆ ಎಷ್ಟು ಸಲ ಸುಮ್ಮನಾಗಿರಬಹುದು ಎಂದು ಮೊದಲ ಬಾರಿ ಯೋಚಿಸಿದೆ.

ಉಸ್ತಾದ್ ನನ್ನ ಕಡೆ ತಿರುಗಿದ. ನಟ್ಟನ್ನು ನನ್ನ ಅಂಗೈಗೆ ಹಾಕಿ, ಪಾನಾ ಮುಂದೆ ಮಾಡಿ, "ಹಾಕ್ರಿ" ಎಂದ. ನಾನು ಕೂತು ಹಾಕಿದೆ. ಅವನು ಬಗ್ಗಿ ತಾನೊಮ್ಮೆ ಎಳೆದು ನೋಡಿದ. ಈ ಸಲ ನನಗೆ ಸಿಟ್ಟು ಬರಲಿಲ್ಲ.

ಖಾಜಾ ಎಲ್ಲವನ್ನೂ ನೋಡುತ್ತ ನಿಂತಿದ್ದ. ಈಗ ಬೈಯುತ್ತಾನೆಂದುಕೊಂಡೆ. ಅವನು ಹೊರಗೆ ಹೋಗಿ ಎರಡು ಬಟ್ಟಲು ಚಹಾ ತಂದ, ಒಂದನ್ನು ನನಗೆ ಕೊಟ್ಟ. "ಕುಡಿ" ಎಂದ. ಸೇಡಂ ಬಿಟ್ಟ ಮೇಲೆ ಅವನು ತಾನಾಗಿ ನನಗೆ ಆಡಿದ ಮೊದಲ ಮಾತು ಅದು.

ಉಸ್ತಾದ್ ಎಂಟು ದಿನವೇನೂ ಇಟ್ಟುಕೊಳ್ಳಲಿಲ್ಲ. ಶನಿವಾರ ನಸುಕಿಗೇ ಮೋಟಾರು ಕೊಟ್ಟ. ವಾಡಿಯಲ್ಲಿ ಇನ್ನೆರಡು ದಿನ ರಜೆ ಬೇಡಿಕೊಂಡು ನಾನೂ ಖಾಜಾನ ಜೊತೆ ಸೇಡಂಗೆ ಬಂದೆ. ಅಮ್ಮ ಕಟ್ಟೆಯ ಮೇಲೆಯೇ ಇದ್ದಳು.

"ಏನಂದ ಉಸ್ತಾದ?"

"ಶರಣು ಹೇಳಿದ್ದು ಖರೇ ಇತ್ತಮ್ಮಾ. ಎಣ್ಣಿ ಜಿನಗತಿತ್ತು" ಎಂದ ಖಾಜಾ. ಅಲ್ಲಿಗೆ ನಿಲ್ಲಿಸಿದ. ಬಲಗಡೆಯ ಮಾತು ಎತ್ತಲಿಲ್ಲ. ನನ್ನ ಮಾನ ಉಳಿಸಲು ಅವನು ಹಾಗೆ ಮಾಡಿದ್ದು ನನಗೆ ತಿಳಿಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಮ್ಮನಿರುವುದನ್ನು ನಾನು ಆ ವಾರ ಒಮ್ಮೆ ಮಾಡಿ ನೋಡಿದ್ದೆ.

"ಬಲಗಡಿ ಗಾಲೀದು ನನ್ನ ತಪ್ಪು ಅಮ್ಮಾ. ನಟ್ಟು ಬಿಗೀಲಿಕ್ಕ ಮರತಿದ್ದೆ. ನೀವು ಕುಂತಾಗ ಅದು ನನಗ ಗೊತ್ತೇ ಇರಲಿಲ್ಲ."

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಗಂಟು ಎತ್ತಿಕೊಂಡು ಎದ್ದಳು.

"ಈಗ ಕುಂದರಲೇನು?"

ಸಣ್ಣ ಪ್ರಶ್ನೆ. ಖಾಜಾ ನನ್ನನ್ನು ನೋಡಿದ, ನಾನು ಖಾಜಾನನ್ನು ನೋಡಿದೆ. ಹೂಂ ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಇಬ್ಬರೂ ಬಗ್ಗಿ, ಅವನು ಎಡಗಡೆ, ನಾನು ಬಲಗಡೆ, ಆಮೇಲೆ ಅವನು ಬಲಗಡೆ, ನಾನು ಎಡಗಡೆ, ಒಂದೊಂದು ನಟ್ಟನ್ನೂ ಕೈಯಿಂದ ಎಳೆದು ನೋಡಿದೆವು. ಎದ್ದು ಕೈ ಒರೆಸಿಕೊಂಡು ಖಾಜಾ ಹೇಳಿದ: "ಕುಂದ್ರು ಅಮ್ಮಾ."

ಮೂವರೇ ಹೊರಟೆವು. ದಾರಿಯುದ್ದಕ್ಕೂ ಎರಡೂ ಕಡೆ ಜೋಳದ ಹೊಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಲ್ಲಾಮಾರಿಯ ಇಳಕಲು ಬಂತು. ಅರ್ಧ ಇಳಕಲಿನಲ್ಲಿ, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲದ ಕಡೆ, ಖಾಜಾ ಕಾರಣವಿಲ್ಲದೆ ಬ್ರೇಕು ಒತ್ತಿದ. ಮೋಟಾರು ನಿಂತಿತು. ಕೆಳಗೆ ಹೊಳೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

ಹಿಂದಿನಿಂದ ಅಮ್ಮ ಕೇಳಿದಳು: "ಯಾಕ ನಿಂದ್ರಸಿದ್ರಪಾ? ಊರು ಬಂತೇನು?"

"ಇಲ್ಲಮ್ಮಾ. ಸುಮ್ಮ ನಿಂದ್ರಸೀನಿ."

"ಹಂಗಾರ ನಡೀರಿ. ಅಲ್ಲಿ ಕೂಸು ದಾರಿ ನೋಡಲಿಕತ್ತದ."

ಖಾಜಾ ಕಾಲು ಸಡಿಲಿಸಿದ.